ಕಡ್ಡಿಪುಡಿಗೆ ಒಂದೊಂದೇ ಮುಚ್ಚಿದ ಜೇಬಿನಳತೆಯ ಪೊಟ್ಟಣ: ಪ್ಲಾಸ್ಟಿಕ್ ಇಲ್ಲದೆ ಹೇಗೆ?

ತುಂಗಾತೀರ
ಸರಕು ಬರೀ ಕಡ್ಡಿಪುಡಿ, ಅಂದರೆ ಹೊಗೆಸೊಪ್ಪಿನ ಪುಡಿ. ಅಡಿಕೆ, ಸೆಂಟು, ಮೆಂಥಾಲ್ ಏನೂ ಇಲ್ಲ. ಈಗ ದೊಡ್ಡ ಕಾಗದದ ಪೊಟ್ಟಣದಲ್ಲಿ ಅಂಗಡಿಗೆ ಹೋಗುತ್ತೆ. ಕೊಂಡವರು ಅದನ್ನೇ ಬಿಚ್ಚಿ, ಮೂರು ಬೆರಳು ಹಾಕಿ ತೆಗೆದು, ರಬ್ಬರ್ ಬ್ಯಾಂಡ್ ಸುತ್ತಿ ಜೇಬಿಗಿಡುತ್ತಾರೆ. ಎರಡೇ ದಿನಕ್ಕೆ ಮಳೆಗಾಲದಲ್ಲಿ ಮೆತ್ತಗಾಗುತ್ತೆ, ಬೇಸಿಗೆಯಲ್ಲಿ ಪುಡಿಪುಡಿಯಾಗಿ ಮೂಗಿಗೇರುತ್ತೆ.
ಬೇಕಿರುವುದು ಇಷ್ಟು: 1 ಗ್ರಾಂನ ಪುಟ್ಟ ಪೊಟ್ಟಣ, ಒಂದೊಂದೂ ಮುಚ್ಚಿದ್ದು, ಅಂಥ 10 ಸೇರಿ ಅಂಗಿ ಜೇಬಿನಲ್ಲಿ ಕೂರುವ ಒಂದು ಪೆಟ್ಟಿಗೆ. ನನ್ನ ಹತ್ತಿರ ಇರುವ ಯಂತ್ರ ಮೂರು ಬದಿ ಬಿಸಿ ಸೀಲ್ ಹಾಕುವ ಸ್ಯಾಶೆ ಯಂತ್ರ. ಪುಡಿ ಸಡಿಲವಾಗಿ ಸುರಿದರೆ 1 ಗ್ರಾಂ ಸುಮಾರು 3.5 ಸಿಸಿ ಆಗುತ್ತೆ. ಯಾವ ಹಾಳೆ ತರಿಸಲಿ? ಜೊತೆಗೆ ಸುಣ್ಣವನ್ನೂ ಅದೇ ಪೊಟ್ಟಣದ ಇನ್ನೊಂದು ಅರೆಯಲ್ಲಿ ಕೊಡಬಹುದಾ?

ಕಲಂ_ಐದು
ಹಾಳೆ ಆರಿಸುವ ಮೊದಲು ಕಾನೂನು ನೋಡಿಕೊಳ್ಳಿ, ಯಾಕಂದ್ರೆ ನಿಮ್ಮ ಯಂತ್ರವೇ ಅಲ್ಲಿಗೆ ಮೂಲೆ ಸೇರುತ್ತೆ.
2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ 4ನೇ ನಿಯಮ ಎರಡು ಕಡೆ ಹಿಡಿಯುತ್ತೆ. ಒಂದು, ಗುಟ್ಕಾ, ತಂಬಾಕು, ಪಾನ್ ಮಸಾಲಾಗೆ ಪ್ಲಾಸ್ಟಿಕ್ ಸ್ಯಾಶೆ ಕೂಡದು. ಇದು 2011ರಿಂದಲೇ ಇದೆ. ಇನ್ನೊಂದು, ಯಾವುದೇ ರೂಪದ ಪ್ಲಾಸ್ಟಿಕ್ ಈ ಸರಕುಗಳ ಯಾವ ಪ್ಯಾಕಿನಲ್ಲೂ ಇರಬಾರದು, ವಿನೈಲ್ ಅಸಿಟೇಟ್-ಮಲೀಯಿಕ್ ಆಸಿಡ್-ವಿನೈಲ್ ಕ್ಲೋರೈಡ್ ಕೋಪಾಲಿಮರ್ ಕೂಡ. ಈ ಉದ್ದ ಹೆಸರಿನದ್ದು ಫಾಯಿಲ್ ಮೇಲೆ ಬಳಿಯುವ ಬಿಸಿ ಸೀಲ್ ಲ್ಯಾಕರ್. "ಇದು ಫಾಯಿಲ್ ಸರ್, ಪ್ಲಾಸ್ಟಿಕ್ ಎಲ್ಲಿದೆ" ಅನ್ನುವ ದಾರಿಯನ್ನೇ ಹೆಸರು ಹಿಡಿದು ಮುಚ್ಚಿದ್ದಾರೆ. ಪಾಲಿಥೀನ್ ಪದರ ಇಲ್ಲ, ಆ ಲ್ಯಾಕರೂ ಇಲ್ಲ ಅಂದ್ರೆ ಯಂತ್ರದ ಬಿಸಿ ದವಡೆ ಏನನ್ನು ಕರಗಿಸಿ ಅಂಟಿಸುತ್ತೆ?
ಹೊರಪೆಟ್ಟಿಗೆಗೆ ಸಿಗರೇಟ್ ಪ್ಯಾಕಿನ ಥರ ಫಿಲ್ಮ್ ಸುತ್ತೋಣ ಅಂತಲೂ ಹೊರಡಬೇಡಿ. 2022ರ ಜುಲೈ 1ರಿಂದ ಸಿಗರೇಟ್ ಪ್ಯಾಕಿಗೆ ಸುತ್ತುವ ಪ್ಲಾಸ್ಟಿಕ್ ಫಿಲ್ಮೇ ನಿಷೇಧದ ಪಟ್ಟಿಯಲ್ಲಿದೆ.
ಇನ್ನು ಅಳತೆ. ಚಿತ್ರಸಹಿತ ಎಚ್ಚರಿಕೆ ಎರಡೂ ಮುಖಗಳಲ್ಲಿ 85%: 60% ಚಿತ್ರ, 25% ಅಕ್ಷರ. 2016ರ ಏಪ್ರಿಲ್ 1ರಿಂದ ಜಾರಿ. ನಮ್ಮ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ಅದನ್ನು ರದ್ದು ಮಾಡಿತ್ತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹಳೇ ಪೇಪರ್ ಕಟಿಂಗ್ ಇಟ್ಟುಕೊಂಡು "40% ಸಾಕಂತೆ" ಅನ್ನುವವರು ಇನ್ನೂ ಇದ್ದಾರೆ, ಕೇಳಬೇಡಿ. ಎಷ್ಟೇ ಸಣ್ಣ ಪ್ಯಾಕಾದರೂ ಎಚ್ಚರಿಕೆ 3.5 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರಕ್ಕಿಂತ ಕಡಿಮೆ ಆಗುವಂತಿಲ್ಲ. ಅಂದರೆ 14 ಚದರ ಸೆಂ.ಮೀ. ಅದು ಮುಖದ 85% ಆಗಬೇಕಾದರೆ ಮುಖ ಕನಿಷ್ಠ 16.5 ಚದರ ಸೆಂ.ಮೀ. ಅದಕ್ಕಿಂತ ಪುಟ್ಟ ಪೊಟ್ಟಣದ ಆಸೆ ಬಿಡಿ.

ತುಂಗಾತೀರ
ಎಚ್ಚರಿಕೆ ಹೊರಪೆಟ್ಟಿಗೆ ಮೇಲೆ ಇದ್ದರೆ ಸಾಲದಾ ಸರ್? ಒಳಗಿನದು ಬರೀ ಸುತ್ತು ಕಾಗದ ತಾನೇ.

ಕಲಂ_ಐದು
ತಂಬಾಕು ಕಾಯ್ದೆಯಲ್ಲಿ ಸುತ್ತು ಕಾಗದವೂ "ಪ್ಯಾಕೇಜ್" ಒಳಗೇ ಬರುತ್ತೆ. ಒಳಗಿನದರ ಮೇಲೂ ಮುದ್ರಿಸಿ, ತಲೆನೋವೇ ಬೇಡ. ಅಂಗಡಿಯವನು ಪೆಟ್ಟಿಗೆ ಒಡೆದು ಒಂದೊಂದೇ ಮಾರುತ್ತಾನೆ ಅನ್ನೋದು ನಿಮಗೂ ಗೊತ್ತು. ಆ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಬಿಡಿ ಮಾರಾಟವನ್ನೂ, 21 ವರ್ಷದೊಳಗಿನವರಿಗೆ ಮಾರುವುದನ್ನೂ ತಡೆಯುತ್ತೆ. ಆದ್ದರಿಂದ ಒಳಪೊಟ್ಟಣದ ಮೇಲೆ ಬಿಡಿ ಬೆಲೆ ಹಾಕಿ ಅಂಗಡಿಯವನಿಗೆ ದಾರಿ ತೋರಿಸಬೇಡಿ. ಬೆಲೆ, ನಿವ್ವಳ ತೂಕ, ತಿಂಗಳು ಎಲ್ಲ ಪೆಟ್ಟಿಗೆಯ ಪಕ್ಕದ ಗೋಡೆ ಮೇಲೆ ಬರಲಿ.
ಇನ್ನೊಂದು ಮಾತು. ಪ್ಯಾಕ್ ಮುಚ್ಚಿದ್ದಾಗಲೂ ತೆರೆದಾಗಲೂ ಎಚ್ಚರಿಕೆಯ ಯಾವ ಭಾಗವೂ ಹರಿಯಬಾರದು, ಮರೆಯಾಗಬಾರದು. ವಿನ್ಯಾಸ ಮಾಡುವವರು ಇದನ್ನು ಕೊನೆಯಲ್ಲಿ ಓದಿ ತಲೆ ಚಚ್ಚಿಕೊಳ್ಳುತ್ತಾರೆ.

ರೋಲ್‌ಸ್ಟಾಕ್
ಹಾಳೆ ವಿಷಯಕ್ಕೆ ಬರ್ತೀನಿ. ಉಳಿದಿರುವ ದಾರಿ ಕಾಗದ ಮತ್ತು ಅಲ್ಯೂಮಿನಿಯಂ ಫಾಯಿಲ್, ನಡುವೆ ಪಿಷ್ಟ ಅಥವಾ ಕೇಸಿನ್ (ಹಾಲಿನ ಪ್ರೋಟೀನ್) ಅಂಟು. 40ರಿಂದ 50 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಕಾಗದ, 7 ಮೈಕ್ರಾನ್ ಫಾಯಿಲ್ ಇದ್ದರೆ ಈ ಕೆಲಸಕ್ಕೆ ಸಾಕು. ಫಾಯಿಲ್‌ಗೆ ಮಡಿಸಿದ ಮಡಿಕೆ ಹಾಗೇ ನಿಲ್ಲುವ ಗುಣ ಇದೆ, ಅದು ನಿಮಗೆ ಅರ್ಧ ಸೀಲ್ ಇದ್ದ ಹಾಗೆ. ಮೇಣದಿಂದ ಅಂಟಿಸಿದ ಫಾಯಿಲ್-ಕಾಗದವೂ ಸಿಗುತ್ತೆ, ಆದರೆ ನಿಲ್ಲಿಸಿದ ಕಾರಿನೊಳಗಿನ ಬಿಸಿಗೆ ಮೇಣ ಕಾಗದದ ಮೇಲೆ ಎಣ್ಣೆ ಕಲೆಯಂತೆ ಹೊರಬರುತ್ತೆ, ಮುದ್ರಣ ಕೆಡುತ್ತೆ.
ವ್ಯಾಪಾರಿ "ಪ್ಲಾಸ್ಟಿಕ್ ಇಲ್ಲ" ಅಂದ ಮಾತ್ರಕ್ಕೆ ನಂಬಬೇಡಿ. ಒಂದು ತುಂಡನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಪಿಷ್ಟದ ಅಂಟಾದರೆ ಕಾಗದ ಫಾಯಿಲ್‌ನಿಂದ ಜಾರಿ ಬರುತ್ತೆ. ಪಾಲಿಥೀನ್ ಇದ್ದರೆ ಕಾಗದ ಉಜ್ಜಿ ತೆಗೆದ ಮೇಲೂ ಫಾಯಿಲ್ ಮೇಲೆ ತೆಳ್ಳನೆಯ ಪೊರೆ ಉಳಿಯುತ್ತೆ. ಅದರ ಅಂಚಿಗೆ ಕಡ್ಡಿ ಗೀರಿ ಹಿಡಿದರೆ ಕರಗಿ ತೊಟ್ಟಿಕ್ಕುತ್ತೆ, ಮೇಣದಬತ್ತಿ ಆರಿಸಿದ ವಾಸನೆ ಬರುತ್ತೆ. ಪರೀಕ್ಷೆ ಆದಮೇಲೂ ಪ್ರತಿ ಲಾಟಿಗೆ ಬರಹದಲ್ಲಿ ಘೋಷಣೆ ತರಿಸಿಕೊಳ್ಳಿ.
ಮುಚ್ಚುವ ಅಂಟಿಗೂ ಇದೇ ಲೆಕ್ಕ. ಬಡಗಿಗಳ ಬಿಳಿ ಅಂಟು ಪಾಲಿವಿನೈಲ್ ಅಸಿಟೇಟ್. ಹತ್ತಿರದಲ್ಲಿದೆ ಅಂತ ಅದನ್ನು ಬಳಿದರೆ ಇಷ್ಟೆಲ್ಲ ಮಾಡಿ ಮತ್ತೆ ವಿನೈಲ್‌ಗೇ ಬಂದಂತೆ.

ತೇವಮಾಪಕ
ಒಳಪೊಟ್ಟಣದಿಂದಲೇ ತೇವ ತಡೆಯಲು ಹೊರಟಿದ್ದೀರಾ? ಹಾಗಿದ್ದರೆ ಲೆಕ್ಕ ನೋಡಿ. 44×50 ಮಿ.ಮೀ. ಮುಖ ಅಂದುಕೊಳ್ಳೋಣ. ಎರಡು ಮುಖ ಸೇರಿ 44 ಚದರ ಸೆಂ.ಮೀ., ಅಂದರೆ 0.0044 ಚದರ ಮೀಟರ್. ಹಾಳೆ ದಿನಕ್ಕೆ ಚದರ ಮೀಟರಿಗೆ 5 ಗ್ರಾಂ ಆವಿ ಬಿಟ್ಟರೆ ಪೊಟ್ಟಣದೊಳಗೆ ದಿನಕ್ಕೆ 0.022 ಗ್ರಾಂ. ಒಳಗಿರುವುದೇ 1 ಗ್ರಾಂ, ಹಾಗಾಗಿ ತೇವ ದಿನಕ್ಕೆ ಶೇ 2ಕ್ಕಿಂತ ಹೆಚ್ಚು ಏರುತ್ತೆ. ಹತ್ತು ಪಟ್ಟು ಒಳ್ಳೆಯ ಹಾಳೆ, 0.5 ಗ್ರಾಂನದು ಹಾಕಿದರೂ ಮೊದಮೊದಲು ದಿನಕ್ಕೆ ಶೇ 0.2. ಮಂಗಳೂರಿನ ಜುಲೈನಲ್ಲಿ ಅಂಗಡಿಯಲ್ಲಿ ಒಂದು ತಿಂಗಳು ಕೂತರೆ ಕೆಲಸ ಕೆಟ್ಟಿತು. ಸರಕು ಕಡಿಮೆ, ಮೈ ಜಾಸ್ತಿ, ಸಣ್ಣ ಪೊಟ್ಟಣದ ಹಣೆಬರಹವೇ ಅದು. ಅದೂ ಅಲ್ಲದೆ 7 ಮೈಕ್ರಾನ್ ಫಾಯಿಲ್‌ನಲ್ಲಿ ಸೂಜಿ ತೂತು ಇದ್ದೇ ಇರುತ್ತೆ, ಮಡಿಕೆಯಲ್ಲಿ ಬಿರುಕೂ ಸೇರುತ್ತೆ.
ಹಾಗಾಗಿ ಕೆಲಸ ಹಂಚಿ. ತೇವ ತಡೆಯುವುದು ಹೊರಡಬ್ಬಿಯ ಕೆಲಸ. ಬೆರಳು, ಬೆವರು, ಜೇಬಿನ ಧೂಳು ತಡೆಯುವುದು ಒಳಪೊಟ್ಟಣದ ಕೆಲಸ. ಡಬ್ಬಿ ತೆರೆದ ಮೇಲೆ ಹತ್ತು ಪೊಟ್ಟಣ ಎರಡು ಮೂರು ದಿನದಲ್ಲಿ ಮುಗಿಯುತ್ತೆ, ಅಷ್ಟು ದಿನ ತಡೆದುಕೊಂಡರೆ ಒಳಹಾಳೆ ಗೆದ್ದಂತೆ. ಎರಡನ್ನೂ ಒಂದೇ ಹಾಳೆಯಿಂದ ಮಾಡಿಸಲು ಹೋದಾಗಲೇ ಜನ ಮತ್ತೆ ಪ್ಲಾಸ್ಟಿಕ್ ಲ್ಯಾಮಿನೇಟ್‌ಗೆ ಜಾರುವುದು.
ತುಂಬುವಾಗ ತೇವ ಶೇ 12ರ ಆಸುಪಾಸು ಇರಲಿ. ಪುಡಿಯನ್ನು ಮುಚ್ಚಿದ ಸೀಸೆಯಲ್ಲಿಟ್ಟು ಒಳಗಿನ ಗಾಳಿಯ ಆರ್ದ್ರತೆ ಅಳೆದರೆ 60ರಿಂದ 65 ಬರಬೇಕು. 70 ದಾಟಿದರೆ ಬೂಷ್ಟಿಗೆ ಆಹ್ವಾನ. ಒದ್ದೆ ಸರಕನ್ನು ಬಿಗಿಯಾಗಿ ಮುಚ್ಚುವುದು ತೆರೆದಿಡುವುದಕ್ಕಿಂತ ಕೆಟ್ಟದ್ದು.

ಗೇರ್‌ಬಾಕ್ಸ್
ಆಕಾರದ ಬಗ್ಗೆ ನನ್ನದೊಂದು. ಅಂಟು ಅಂತ ಆದಮೇಲೆ ಮೂರು ಬದಿ ಸೀಲ್ ಪೌಚಿನ ಆಕಾರ ಮರೆತುಬಿಡಿ. ಅಲ್ಲಿ ಫಾಯಿಲ್‌ಗೆ ಫಾಯಿಲ್ ಅಂಟಬೇಕು. ನೀರಿನ ಅಂಟಿನ ನೀರು ಎರಡು ಫಾಯಿಲ್ ನಡುವೆ ಸಿಕ್ಕಿಕೊಂಡರೆ ಹೊರಗೆ ಹೋಗಲು ದಾರಿಯೇ ಇಲ್ಲ. ಮಾರನೇ ದಿನವೂ ಹಸಿಯಾಗಿಯೇ ಇರುತ್ತೆ. ಫಾಯಿಲ್ ಮುಖಕ್ಕೆ ಕಾಗದದ ಮುಖ ಕೂರಬೇಕು, ಆಗ ನೀರನ್ನು ಕಾಗದ ಎಳೆದುಕೊಳ್ಳುತ್ತೆ.
ಸಿಗರೇಟ್ ಪ್ಯಾಕಿನ ಒಳಸುತ್ತಿನ ಥರ ಕೊಳವೆ ಮಾಡಿ ಎರಡು ತುದಿ ಮಡಿಸಿದರೆ ಹಿಂಬದಿಯ ನಡುವೆ ಜೋಡಣೆ ಬರುತ್ತೆ, ತುದಿ ಮಡಿಕೆಗಳು ಮೇಲೂ ಕೆಳಗೂ ಚಿತ್ರ ಮುಚ್ಚುತ್ತವೆ. ಕಲಂ ಸರ್ ಹೇಳಿದ ನಿಯಮಕ್ಕೆ ಅಲ್ಲೇ ತಪ್ಪಿತು.
ತರಕಾರಿ ಬೀಜದ ಪೊಟ್ಟಣದ ಆಕಾರ ಸರಿಹೋಗುತ್ತೆ. ಹಾಳೆ 60×110 ಮಿ.ಮೀ. ಮುಂಬದಿ 44×50, ಅದರ ಎಡಬಲಕ್ಕೆ 8 ಮಿ.ಮೀ. ಕಿವಿ. ಮೇಲಂಚಿನಲ್ಲಿ ಮಡಿಕೆ, ಮಡಿಕೆಯಾಚೆ ಹಿಂಬದಿ 44×50, ಅದರ ತುದಿಗೆ 7 ಮಿ.ಮೀ. ಮುಚ್ಚುವ ನಾಲಿಗೆ. ಉಳಿದ 3 ಮಿ.ಮೀ. ಪುಡಿಯ ದಪ್ಪಕ್ಕೆ. ಕಿವಿಗಳನ್ನು ಒಳಕ್ಕೆ ಮಡಿಸಿ, ಅವುಗಳ ಕಾಗದದ ಮುಖಕ್ಕೆ 4 ಮಿ.ಮೀ. ಅಂಟಿನ ಪಟ್ಟಿ ಬಳಿದು, ಹಿಂಬದಿಯನ್ನು ಮೇಲೆ ಕೂರಿಸಿ. ಕಿವಿಯ ಒಳಂಚಿನಿಂದ 2 ಮಿ.ಮೀ. ಬಿಟ್ಟೇ ಅಂಟು ಬಳಿಯಿರಿ, ಇಲ್ಲದಿದ್ದರೆ ಒತ್ತಿದಾಗ ಒಳಗೆ ಹರಿದು ಪುಡಿ ಅಂಟಿಕೊಳ್ಳುತ್ತೆ. ಬಾಯಿ ಕೆಳಗಡೆ. ತುಂಬಿ, ನಾಲಿಗೆಯನ್ನು ಮುಂಬದಿಯ ಕೆಳಪಟ್ಟಿಯ ಮೇಲೆ ಮಡಿಸಿ ಅಂಟಿಸುವುದು.
50 ಮಿ.ಮೀ. ಎತ್ತರದಲ್ಲಿ 85% ಅಂದರೆ 42.5. ಚಿತ್ರಕ್ಕೆ 30, ಅಕ್ಷರಕ್ಕೆ 12.5. ಕೆಳಗೆ 7.5 ಮಿ.ಮೀ. ಪಟ್ಟಿ ಉಳಿಯುತ್ತೆ, 7 ಮಿ.ಮೀ. ನಾಲಿಗೆ ಕೂರುವುದು ಅಲ್ಲೇ. ಹೆಸರೂ ಆ ನಾಲಿಗೆಯ ಮೇಲೇ. ಬಿಚ್ಚುವಾಗ ಹರಿಯುವುದು ಹೆಸರು, ಎಚ್ಚರಿಕೆ ಅಲ್ಲ. ಬ್ರ್ಯಾಂಡಿನವರಿಗೆ ಇದು ರುಚಿಸುವುದಿಲ್ಲ, ಆದರೆ ಇರುವ ಜಾಗ ಅಷ್ಟೇ.

ರೋಲ್‌ಸ್ಟಾಕ್
ಚೆನ್ನಾಗಿದೆ ಗೇರ್‌ಬಾಕ್ಸ್ ಅವರೇ. ಒಂದು ಸೇರಿಸ್ತೀನಿ: ಕಾಗದದ ನಾರಿನ ಎಳೆ 44 ಮಿ.ಮೀ. ಅಗಲಕ್ಕೆ ಸಮಾನಾಂತರವಾಗಿ ಓಡಬೇಕು. ಕಾಗದ ಎಳೆಯ ದಿಕ್ಕಿಗೆ ನೇರವಾಗಿ ಹರಿಯುತ್ತೆ. ಅಡ್ಡ ಬಂದರೆ ನಾಲಿಗೆ ಎಳೆದವನ ಕೈಯಲ್ಲಿ ಹರಿದದ್ದು ಓರೆಯಾಗಿ ಚಿತ್ರದೊಳಕ್ಕೆ ನುಗ್ಗುತ್ತೆ. ರೋಲಿನಿಂದ ಕತ್ತರಿಸುವಾಗ ಹಾಳೆ ಉಳಿಸಲು ತಿರುಗಿಸಿ ಜೋಡಿಸುತ್ತಾರಲ್ಲ, ಅದಕ್ಕೆ ಒಪ್ಪಬೇಡಿ.
ಮುದ್ರಣಕ್ಕೆ ನಾಲ್ಕು ಬಣ್ಣ, ಕನಿಷ್ಠ 300 ಡಿಪಿಐ. ಎಚ್ಚರಿಕೆಯ ಚಿತ್ರವನ್ನು ಸರ್ಕಾರ ಆಗಾಗ ಬದಲಿಸುತ್ತೆ. ಗ್ರಾವ್ಯೂರ್ ಸಿಲಿಂಡರ್ ಕೆತ್ತಿಸಿ ವರ್ಷಗಟ್ಟಲೆ ಹಾಳೆ ದಾಸ್ತಾನು ಮಾಡಿದರೆ ಉಳಿದದ್ದೆಲ್ಲ ರದ್ದಿ. ನಿಮ್ಮ ಪ್ರಮಾಣಕ್ಕೆ ಆಫ್‌ಸೆಟ್‌ನಲ್ಲಿ ಹಾಳೆ ಮುದ್ರಿಸಿ ಡೈ ಕತ್ತರಿಸುವುದೇ ಲೇಸು. ಟಾಲ್ಯೂಯೀನ್ ದ್ರಾವಕ ಇಲ್ಲದ ಶಾಯಿ ಕೇಳಿ. ಪೊಟ್ಟಣಗಳು ಮುಖಕ್ಕೆ ಮುಖ ಒತ್ತಿ ಡಬ್ಬಿಯಲ್ಲಿ ಕೂರುವುದರಿಂದ ಪೂರ್ತಿ ಒಣಗದ ಶಾಯಿಯ ವಾಸನೆ ಹೊರಹೋಗಲು ಜಾಗವೇ ಇರುವುದಿಲ್ಲ.

ತುಂಗಾತೀರ
ಸುಣ್ಣದ ಅರೆ ಬಗ್ಗೆ ಯಾರೂ ಹೇಳಲಿಲ್ಲ.

ತೇವಮಾಪಕ
ಅಲ್ಯೂಮಿನಿಯಂ ಇರುವ ಕಡೆ ಹಸಿ ಸುಣ್ಣ ಬೇಡವೇ ಬೇಡ. ಸುಣ್ಣದ ತಿಳಿಯ ಪಿಎಚ್ 12ಕ್ಕಿಂತ ಮೇಲೆ. ಅದು ಮೊದಲು ಫಾಯಿಲ್‌ನ ಮೇಲಿನ ಆಕ್ಸೈಡ್ ಪೊರೆ ತಿನ್ನುತ್ತೆ, ಆಮೇಲೆ ಲೋಹವನ್ನೇ. ಹೈಡ್ರೋಜನ್ ಹುಟ್ಟುತ್ತೆ, ಮುಚ್ಚಿದ ಅರೆ ಉಬ್ಬುತ್ತೆ, ಫಾಯಿಲ್ ಮೇಲೆ ಕಪ್ಪು ಚುಕ್ಕೆ ಬಂದು ತೂತಾಗುತ್ತೆ. 7 ಮೈಕ್ರಾನ್‌ಗೆ ಹೆಚ್ಚು ಹೊತ್ತೇನೂ ಬೇಡ. ಒಣ ಸುಣ್ಣದ ಪುಡಿ ಆದರೂ ಪಕ್ಕದ ಅರೆಯ ತೇವ ಸಾಕು ಶುರುವಾಗಲು. ಹಿಂದಿನವರು ಎಲೆಚೀಲದಲ್ಲಿ ಸುಣ್ಣಕ್ಕೆ ಬೇರೆಯೇ ಡಬ್ಬಿ ಇಡುತ್ತಿದ್ದುದೇ ಸರಿ. ಅವರಿಗೆ ಬೇಕಾದರೆ ಸುಣ್ಣ ಬೇರೆ ಕೊಳ್ಳುತ್ತಾರೆ.
ಇದೇ ಕಾರಣಕ್ಕೆ ಅಂಟನ್ನೂ ನೋಡಿ. ಕೇಸಿನ್ ಅಂಟನ್ನು ಕೆಲವರು ಸುಣ್ಣ ಅಥವಾ ಸೋಡಾ ಹಾಕಿ ಕರಗಿಸುತ್ತಾರೆ. ಅದು ಫಾಯಿಲ್‌ಗೆ ತಾಕಿದ ಕಡೆಯೆಲ್ಲ ಚುಕ್ಕೆ ಬೀಳುತ್ತೆ. ಅಮೋನಿಯಾದಲ್ಲಿ ಕರಗಿಸಿದ್ದು ತನ್ನಿ, ಒಣಗುವಾಗ ಅಮೋನಿಯಾ ಹಾರಿಹೋಗುತ್ತೆ.

ಒಗ್ಗರಣೆ
ಎಲ್ಲರೂ ಭಾರೀ ಉತ್ಸಾಹದಲ್ಲಿದ್ದೀರಿ. ಹೊಗೆಸೊಪ್ಪನ್ನು ಅಂದವಾಗಿ, ಚೊಕ್ಕವಾಗಿ, ಜೇಬಿಗೆ ಹಿತವಾಗಿ ಮಾಡಿಕೊಟ್ಟರೆ ತಿನ್ನುವವರು ಜಾಸ್ತಿ ಆಗಲ್ವೇನ್ರೀ? "ಹೈಜೀನಿಕ್ ಪ್ಯಾಕ್" ಅಂತ ದಪ್ಪಕ್ಷರದಲ್ಲಿ ಹಾಕೋದೊಂದು ಬಾಕಿ.

ಕಲಂ_ಐದು
ಅದನ್ನು ಹಾಕುವಂತೆಯೇ ಇಲ್ಲ. ಎಚ್ಚರಿಕೆಗೆ ವಿರುದ್ಧವಾದ, ಅದರ ತೂಕ ತಗ್ಗಿಸುವ ಯಾವ ಮಾತೂ ಪ್ಯಾಕಿನ ಮೇಲೆ ಕೂಡದು. "ಶುದ್ಧ", "ಸ್ವಚ್ಛ", "ಆರೋಗ್ಯಕರ ಪ್ಯಾಕಿಂಗ್" ಎಲ್ಲ ಅದೇ ಗುಂಪು. ಕೀಟ, ಬೂಷ್ಟು, ಬೆರಳಿನ ಕೊಳೆ ತಡೆಯಬಹುದು. ಹೊಗೆಸೊಪ್ಪಿನ ನೈಟ್ರೊಸಮೈನ್ ಎಲೆ ಒಣಗಿಸುವಾಗ, ದಾಸ್ತಾನಿನಲ್ಲಿ ಹುಟ್ಟುವಂಥದ್ದು, ಪೊಟ್ಟಣ ಚೊಕ್ಕವಾದರೆ ಹೋಗಲ್ಲ. ಹೊಗೆರಹಿತ ತಂಬಾಕು ಕ್ಯಾನ್ಸರ್‌ಕಾರಕ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೇ ಗುಂಪಿನಲ್ಲಿಟ್ಟಿದೆ. ಹಾಗೇ 1800-11-2356 ಸಹಾಯವಾಣಿ ಸಂಖ್ಯೆ ಎಚ್ಚರಿಕೆಯ ಭಾಗ, ಮಡಿಕೆಯಲ್ಲಿ ಸಿಕ್ಕಿ ಅಳಿಸದಂತೆ ನೋಡಿಕೊಳ್ಳಿ.

ನಿರ್ವಾಹಕ
ಒಗ್ಗರಣೆ ಅವರ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಬೇರೆ ಎಳೆ ತೆರೆದಿದ್ದೇನೆ, ವಾದ ಅಲ್ಲಿ ಮುಂದುವರಿಯಲಿ. ಇಲ್ಲಿ ಪ್ಯಾಕಿಂಗ್ ಮಾತ್ರ. ಆಕರ್ಷಣೆ ಹೆಚ್ಚಿಸುವ ಬಣ್ಣ, ಆಟಿಕೆ ಆಕಾರದ ಸಲಹೆಗಳನ್ನು ಅಳಿಸುತ್ತೇನೆ.

ಗೇರ್‌ಬಾಕ್ಸ್
ತುಂಬುವ ವಿಚಾರ. ಕಡ್ಡಿಪುಡಿಗೆ ಆಗರ್ (ತಿರುಪಿನಿಂದ ತಳ್ಳುವ ಫಿಲ್ಲರ್) ಬೇಡ, ಅರೆದು ಇನ್ನಷ್ಟು ಧೂಳು ಮಾಡುತ್ತೆ. ಅಳತೆ ಬಟ್ಟಲಿನ ಫಿಲ್ಲರ್ ಸಾಕು. 4 ಮಿ.ಮೀ.ಗಿಂತ ಉದ್ದದ ಕಡ್ಡಿ ಇದ್ದರೆ ಬಟ್ಟಲಿನ ಬಾಯಲ್ಲಿ ಅಡ್ಡ ಕೂತು ಸೇತುವೆ ಕಟ್ಟುತ್ತೆ: ಒಂದು ಪೊಟ್ಟಣ ಖಾಲಿ, ಮುಂದಿನದು ಡಬಲ್. ಮೇಲೆ 4 ಮಿ.ಮೀ. ಜರಡಿ, ಕೆಳಗೆ ಅರ್ಧ ಮಿ.ಮೀ. ಜರಡಿ ಇಟ್ಟು ಉದ್ದ ಕಡ್ಡಿಯನ್ನೂ ಧೂಳನ್ನೂ ಬೇರೆ ಮಾಡಿ. ಈ ಧೂಳೇ ನಾಲಿಗೆಯ ಅಂಟಿನ ಮೇಲೆ ಕೂತು ಬಾಯಿ ಬಿಡಿಸುವುದು. ತುಂಬುವ ಕೊಳವೆ ಪೊಟ್ಟಣದ ಬಾಯಿಂದ 15 ಮಿ.ಮೀ. ಒಳಗಿಳಿಯಬೇಕು, ಮೇಲಿನಿಂದ ಸುರಿಯಬಾರದು.
ತೂಕಕ್ಕೆ 50 ಗ್ರಾಂ ಒಳಗಿನ ಸರಕಿಗೆ ಅನುಮತಿಸಿದ ವ್ಯತ್ಯಾಸ ಶೇ 9. ಆದರೂ ಸರಾಸರಿ 1 ಗ್ರಾಂಗಿಂತ ಇಳಿಯಬಾರದು. ಬೆಳಗ್ಗೆ ಒಣಗಿದ ಪುಡಿಗೆ ಹೊಂದಿಸಿದ ಬಟ್ಟಲು ಮಳೆ ಬಂದ ಮಧ್ಯಾಹ್ನ ಬೇರೆ ತೂಕ ಕೊಡುತ್ತೆ. ಅರ್ಧ ಗಂಟೆಗೊಮ್ಮೆ 20 ಪೊಟ್ಟಣ ತೂಗಿ.
ಪುಡಿ ಸುರಿಯುವ ಹಾಪರ್ ಮೇಲೆ ಆಯಸ್ಕಾಂತ ಇಡಿ. ಲೋಹ ಶೋಧಕ ಬೇಕಿದ್ದರೆ ಅದೂ ತುಂಬುವ ಮೊದಲೇ ಇರಲಿ. ಫಾಯಿಲ್‌ನಲ್ಲಿ ಕಟ್ಟಿದ ಮೇಲೆ ಅದಕ್ಕೆ ಪ್ರತಿ ಪೊಟ್ಟಣವೂ ಲೋಹವೇ.

ಕಲಂ_ಐದು
ಫಿಲ್ಲರ್ ತರಿಸಿದ ಕೂಡಲೇ ಜಿಎಸ್‌ಟಿ ಕಡೆ ಯಂತ್ರದ ನೋಂದಣಿ ವಿಚಾರಿಸಿ. 122ಎ ಕಲಮಿನಲ್ಲಿ ನೋಂದಾಯಿಸದ ಒಂದೊಂದು ಯಂತ್ರಕ್ಕೂ 1 ಲಕ್ಷ ರೂಪಾಯಿ ದಂಡ ಇದೆ.

ತುಂಗಾತೀರ
ಹೊರಡಬ್ಬಿಗೆ ತಗಡೋ ರಟ್ಟೋ? 10 ಪೊಟ್ಟಣ ಒಂದರ ಮೇಲೊಂದು ಇಟ್ಟರೆ 30 ಮಿ.ಮೀ. ದಪ್ಪ ಆಗುತ್ತೆ.

ರೋಲ್‌ಸ್ಟಾಕ್
ಐದೈದರ ಎರಡು ಸಾಲು ಪಕ್ಕಪಕ್ಕ ಇಡಿ. ಒಳಅಳತೆ 92×52×17 ಮಿ.ಮೀ. ಸಾಕು. ಸಿಗರೇಟ್ ಪ್ಯಾಕಿಗಿಂತ ತುಸು ಉದ್ದ, ಆದರೆ ತೆಳು.
ತಗಡಾದರೆ 0.20 ಮಿ.ಮೀ. ತವರ ಲೇಪಿತ ತಗಡು, ಅಂಚು ಒಳಕ್ಕೆ ಸುರುಳಿ ಮಾಡಿದ್ದು, ಇಲ್ಲದಿದ್ದರೆ ಬೆರಳು ಕೊಯ್ಯುತ್ತೆ. ಒಳಮೈಗೆ ಎಪಾಕ್ಸಿ ಲ್ಯಾಕರ್ ಬೇಡ ಅನ್ನಿ, ಮತ್ತೆ ಪ್ಲಾಸ್ಟಿಕ್ ತಗಾದೆ. ಮೇಲೆ ಕೂರುವ ಮುಚ್ಚಳ ಗಾಳಿಯಾಡದಷ್ಟು ಬಿಗಿ ಅಲ್ಲ ಅನ್ನೋದು ನೆನಪಿರಲಿ. ಮುಚ್ಚಳದ ಸಂದಿಗೆ ಸುತ್ತ ಫಾಯಿಲ್-ಕಾಗದದ ಪಟ್ಟಿ ಅಂಟಿಸಬೇಕು, ಅದು ಚಿತ್ರದ ಮೇಲೆ ಹತ್ತದೆ ಪಕ್ಕದ ಗೋಡೆಯಲ್ಲೇ ಉಳಿಯಬೇಕು. ಎಚ್ಚರಿಕೆಯನ್ನು ತಗಡಿನ ಮೇಲೇ ಮುದ್ರಿಸಿ, ಕಿತ್ತು ಬರುವ ಸ್ಟಿಕರ್ ನಡೆಯಲ್ಲ.
ಅಗ್ಗದ ದಾರಿ: 300 ಜಿಎಸ್‌ಎಂ ರಟ್ಟಿನ ಪೆಟ್ಟಿಗೆ, ಒಳಗೆ ಹತ್ತೂ ಪೊಟ್ಟಣ ಸೇರಿಸಿ ಸುತ್ತಿದ ಇನ್ನೊಂದು ಫಾಯಿಲ್-ಕಾಗದ. ಹುಬ್ಬಳ್ಳಿ, ಬಳ್ಳಾರಿ ಕಡೆಯ ಒಣ ಹವೆಗೆ ಇದು ಸಾಕು. ಕರಾವಳಿ, ಮಲೆನಾಡಿಗೆ ತಗಡೇ ಬೇಕು.

ತೇವಮಾಪಕ
ಹುಳುವಿನ ಮಾತು ಯಾರೂ ಎತ್ತಿಲ್ಲ, ಅದೇ ದೊಡ್ಡದು. ತಂಬಾಕಿನ ಜೀರುಂಡೆ, ಲೇಸಿಯೋಡರ್ಮಾ. ಮೊಟ್ಟೆ ಸರಕಿನ ಜೊತೆ ಒಳಗೆ ಸೇರಿದರೆ ಹುಳು ಬೆಳೆದು ಫಾಯಿಲ್-ಕಾಗದವನ್ನು ಒಳಗಿನಿಂದ ಕೊರೆದು ಹೊರಬರುತ್ತೆ. ಒಂದು ಮಿ.ಮೀ.ನಷ್ಟು ಗುಂಡಗಿನ ತೂತು ಕಂಡರೆ ಅದೇ. ಹಾಳೆ ಎಷ್ಟು ಒಳ್ಳೆಯದಿದ್ದರೂ ಇದಕ್ಕೆ ಮದ್ದಲ್ಲ. ಸಣ್ಣ ಪ್ರಮಾಣವಾದರೆ ಮೈನಸ್ 20 ಡಿಗ್ರಿಯಲ್ಲಿ ಮೂಟೆಯ ನಡುಭಾಗವೂ ಅಷ್ಟೇ ತಣ್ಣಗಾದ ಮೇಲೆ ಆರು ದಿನ ಇಡಿ. ಹೊರತೆಗೆದಾಗ ಮೂಟೆಯನ್ನು ಕೂಡಲೇ ಬಿಚ್ಚಬೇಡಿ, ಕೋಣೆಯ ಬಿಸಿಗೆ ಬರುವ ತನಕ ಬಿಡಿ. ತಣ್ಣನೆ ಪುಡಿ ಗಾಳಿಯ ತೇವ ಹೀರಿ ನಿಮ್ಮ ಶೇ 12ರ ಲೆಕ್ಕ ಕೆಡಿಸುತ್ತೆ.
ದೊಡ್ಡ ಪ್ರಮಾಣಕ್ಕೆ ಫಾಸ್ಫೀನ್, ಅದೂ ಪರವಾನಗಿ ಇದ್ದವರಿಂದಲೇ, ಬೇರೆ ಗೋದಾಮಿನಲ್ಲಿ. ಪ್ಯಾಕಿಂಗ್ ಶೆಡ್ಡಿನಲ್ಲೇ ಹೊಡೆಸಿದರೆ ಮನುಷ್ಯರಿಗಂತೂ ಅಪಾಯ, ಅದರ ಮೇಲೆ ಆ ಅನಿಲ ತಾಮ್ರವನ್ನು ತಿನ್ನುತ್ತೆ, ಯಂತ್ರದ ಪ್ಯಾನೆಲ್ ಹಾಳು.

ತುಂಗಾತೀರ
ಸರಿ. ಡೆಕ್ಸ್‌ಟ್ರಿನ್ (ಪಿಷ್ಟದ ಒಂದು ಬಗೆ) ಅಂಟಿನಲ್ಲಿ 200 ಖಾಲಿ ಪೊಟ್ಟಣ ಕೈಯಿಂದ ಮಾಡಿಸಿ ನೋಡೋಣ ಅಂತಿದ್ದೀನಿ. ಯಂತ್ರ ಆಮೇಲೆ.

ರೋಲ್‌ಸ್ಟಾಕ್
ಡೆಕ್ಸ್‌ಟ್ರಿನ್ ಮಳೆಗಾಲದಲ್ಲಿ ಮತ್ತೆ ಜಿಗುಟಾಗುತ್ತೆ, ಪೊಟ್ಟಣಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. 100ಕ್ಕೆ ಡೆಕ್ಸ್‌ಟ್ರಿನ್, 100ಕ್ಕೆ ಕೇಸಿನ್ ಬಳಿಸಿ. ಪುಡಿ ತುಂಬಿಸಿ ಮುಚ್ಚಿ, ಖಾಲಿಯದು ಏನೂ ಹೇಳಲ್ಲ. ಒಂದು ಮುಚ್ಚಿದ ಪಾತ್ರೆಯ ತಳದಲ್ಲಿ ನೀರಿಟ್ಟು, ಮೇಲೆ ಜಾಲರಿಯ ಮೇಲೆ ಎರಡೂ ಬಗೆಯ ಅರ್ಧರ್ಧ ಪೊಟ್ಟಣ ಮೂರು ದಿನ ಇರಲಿ, ಉಳಿದರ್ಧ ಯಾರಾದರೂ ಪ್ಯಾಂಟಿನ ಜೇಬಿನಲ್ಲಿ ಅಷ್ಟೇ ದಿನ ಹೊತ್ತು ತಿರುಗಲಿ. ಮೊದಲೂ ಕೊನೆಗೂ ತೂಗಿ ಬರೆದಿಡಿ. ನಾಲಿಗೆಯ ಎರಡು ಮೂಲೆ ಎದ್ದಿವೆಯಾ ನೋಡಿ, ಬಿಡುವುದು ಯಾವಾಗಲೂ ಅಲ್ಲಿಂದಲೇ. ಮೂಲೆಗಳನ್ನು 2 ಮಿ.ಮೀ. ದುಂಡು ಮಾಡಿಸಿದರೆ ಜೇಬಿನ ಬಟ್ಟೆಗೆ ಸಿಕ್ಕಿ ಏಳುವುದು ಕಡಿಮೆ.

ತುಂಗಾತೀರ
ಡೈ ಮಾಡುವವರಿಗೆ ದುಂಡು ಮೂಲೆ ಹೇಳ್ತೀನಿ. ತೂಕದ ಪಟ್ಟಿ ಇಲ್ಲೇ ಹಾಕ್ತೀನಿ ಸರ್.